ಮಕ್ಕಳ ರಜೆ: ದುಡಿಮೆಯ ಕೂಲಿಯೇ, ದೇವರ ಕೊಡುಗೆಯೇ?

ಕಳೆದ ವರ್ಷ ಏಪ್ರಿಲ್ ತಿಂಗಳ ಕೊನೆಯಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳಿಗಾಗಿ ಹತ್ತು ದಿನಗಳ ಧರ್ಮೋಪದೇಶ ಶಿಬಿರವನ್ನು ಏರ್ಪಡಿಸಿದ್ದೆವು. ಬೆಳಿಗ್ಗೆ ಬಲಿಪೂಜೆ, ಅನಂತರ ತರಗತಿ, ಗೀತೆಗಳ ಅಭ್ಯಾಸ, ಬೈಬಲ್ ರಸಪ್ರಶ್ನೆ, ಬಾಯಿಪಾಠ. ಕೊನೆಯ ದಿನ ಐವತ್ತು ಅಂಕಗಳ ಲಿಖಿತ ಪರೀಕ್ಷೆ, ಆಮೇಲೆ ಬಹುಮಾನ. ಆ ದಿನ ಹಾಜರಿ ತೆಗೆದುಕೊಳ್ಳುವಾಗ ಒಬ್ಬ ಹುಡುಗಿ ಕಾಣಲಿಲ್ಲ. ಏಳನೆಯ ತರಗತಿ ಮುಗಿಸಿದವಳು, ದಿನವೂ ಮೊದಲ ಸಾಲಿನಲ್ಲೇ ಕೂರುತ್ತಿದ್ದವಳು. ಹುಡುಕಿಕೊಂಡು ಹೋದರೆ ಲೂರ್ದು ಮಾತೆಯ ಗವಿಯ ಹಿಂದೆ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು.

“ಏನಾಯಿತಮ್ಮಾ?” ಎಂದೆ.

“ಹೊಟ್ಟೆನೋವು ಸ್ವಾಮಿ. ಸ್ಕೂಲ್ ಪರೀಕ್ಷೇಲೂ ಹಿಂಗೇ ಬರುತ್ತೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಇದ್ರಲ್ಲೂ ಮಾರ್ಕ್ಸ್ ಕಮ್ಮಿ ಬಂದ್ರೆ ದೇವರೂ ಬೈತಾರಾ ಸ್ವಾಮಿ?”

“ದೇವರು ಬೈಯುವುದಿಲ್ಲಮ್ಮಾ” ಎಂದು ಹೇಳಿದೆ.

“ಮತ್ತೆ ಪರೀಕ್ಷೆ ಯಾಕೆ ಸ್ವಾಮಿ?”

ಗುರುಮಠದಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಓದಿ ಬಂದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ನೀರು ಕುಡಿಸಿ, ಅವಳ ಅಜ್ಜಿಗೆ ಹೇಳಿ ಕಳುಹಿಸಿದೆ. ಆದರೆ ಮಾತು ಮನಸ್ಸಿನಲ್ಲೇ ಉಳಿಯಿತು. ಶಾಲೆಯ ವರ್ಷ ಮುಗಿದು ಇನ್ನೂ ಹದಿನೈದು ದಿನ ಕಳೆದಿರಲಿಲ್ಲ. ಅಷ್ಟರಲ್ಲೇ ದೇವರ ಹೆಸರಿನಲ್ಲಿ ಮತ್ತೊಂದು ಪ್ರಶ್ನೆಪತ್ರಿಕೆಯನ್ನು ಅವಳ ಕೈಗೆ ಕೊಡಲು ಹೊರಟವನು ನಾನೇ. ತಂದೆತಾಯಂದಿರ ಬಗ್ಗೆ ಮುಂದೆ ಏನೇ ಬರೆದರೂ ಈ ತಪ್ಪನ್ನು ಮೊದಲು ಒಪ್ಪಿಕೊಂಡೇ ಬರೆಯಬೇಕು.

ಮಕ್ಕಳಿಗೂ ಮಾನಸಿಕ ಒತ್ತಡವೇ ಎಂದು ನಗುವ ಹಿರಿಯರು ಇನ್ನೂ ಇದ್ದಾರೆ. ಅವರೊಡನೆ ವಾದಕ್ಕೆ ಇಳಿಯುವುದಿಲ್ಲ. ನನ್ನ ಪ್ರಶ್ನೆ ಬೇರೆ. ವಿಶ್ರಾಂತಿ ಎಂಬುದು ಮಗು ದುಡಿದು ಸಂಪಾದಿಸಬೇಕಾದ ಕೂಲಿಯೋ ಅಥವಾ ದುಡಿಮೆಗೂ ಮೊದಲೇ ಅದಕ್ಕೆ ಸಂದ ಕೊಡುಗೆಯೋ? “ಚೆನ್ನಾಗಿ ಮಾರ್ಕ್ಸ್ ತಗೊಂಡ್ರೆ ಅಜ್ಜಿ ಮನೆಗೆ ಕಳಿಸ್ತೀನಿ” ಎಂದು ಹೇಳುವ ತಾಯಿ ಮೊದಲನೆಯದನ್ನು ನಂಬುತ್ತಾಳೆ. ಅವಳಿಗೆ ಗೊತ್ತಿಲ್ಲದೆಯೇ ಮಗುವಿಗೆ ಒಂದು ದೈವಶಾಸ್ತ್ರವನ್ನೂ ಕಲಿಸುತ್ತಾಳೆ: ಮೊದಲು ಅಂಕ, ಆಮೇಲೆ ಪ್ರೀತಿ.

ಪದಗಳನ್ನೇ ನೋಡಿ. ‘ರಜೆ’ ಅರಬ್ಬೀ ಮೂಲದಿಂದ ನಮ್ಮಲ್ಲಿಗೆ ಬಂದ ಪದ. ಅದರ ಹಿಂದೆ ಒಪ್ಪಿಗೆ, ಅಪ್ಪಣೆ ಎಂಬ ಅರ್ಥವಿದೆ. ಮೇಲಿನವರು ಕೊಟ್ಟರೆ ರಜೆ, ಕೊಡದಿದ್ದರೆ ಇಲ್ಲ. ನಮ್ಮದೇ ಆದ ‘ಬಿಡುವು’ ಎಂಬ ಪದದಲ್ಲಿ ಅಪ್ಪಣೆಯ ವಾಸನೆ ಇಲ್ಲ. ಹಿಡಿದದ್ದನ್ನು ಬಿಡುವುದು, ಅಷ್ಟೆ. ಇನ್ನು ‘ಸ್ಕೂಲ್’ ಎಂಬುದು ಹುಟ್ಟಿದ್ದು ಬಿಡುವು ಎಂಬ ಅರ್ಥದ ‘ಸ್ಖೊಲೆ’ ಎಂಬ ಗ್ರೀಕ್ ಪದದಿಂದ. ಮನುಷ್ಯ ದುಡಿಯುವುದು ಬಿಡುವಿಗಾಗಿಯೇ ಹೊರತು ಬಿಡುವು ಇರುವುದು ಮತ್ತಷ್ಟು ದುಡಿಯಲಿಕ್ಕಲ್ಲ ಎಂಬುದು ಅರಿಸ್ಟಾಟಲನ ನಿಲುವು. ಬಿಡುವಿನ ಹೆಸರು ಹೊತ್ತ ಜಾಗದಿಂದಲೇ ನಮ್ಮ ಮಕ್ಕಳಿಗೆ ಈಗ ಬಿಡುವು ಬೇಕಾಗಿದೆ.

ಪವಿತ್ರ ಗ್ರಂಥ ಇನ್ನೂ ಸ್ಪಷ್ಟವಾಗಿದೆ. ಆದಿಕಾಂಡದ ಪ್ರಕಾರ ಮಾನವ ಸೃಷ್ಟಿಯಾದದ್ದು ಆರನೆಯ ದಿನ. ಹಾಗಾದರೆ ಅವನು ಕಂಡ ಮೊದಲ ಪೂರ್ಣ ದಿನ ಯಾವುದು? ಏಳನೆಯದು, ವಿಶ್ರಾಂತಿಯ ದಿನ. ಆದಾಮನು ಆರು ದಿನ ಬೆವರು ಸುರಿಸಿ ಸಬ್ಬತ್ತನ್ನು ಗಳಿಸಲಿಲ್ಲ. ಏನನ್ನೂ ಮಾಡುವ ಮೊದಲೇ ಅದು ಅವನ ಪಾಲಿಗೆ ಬಂದಿತ್ತು. ಧರ್ಮೋಪದೇಶಕಾಂಡದಲ್ಲಿ ಅದೇ ಕಟ್ಟಳೆ ಮತ್ತೆ ಬರುವಾಗ ಗಂಡುಮಕ್ಕಳು, ಹೆಣ್ಣುಮಕ್ಕಳು, ಆಳುಗಳು, ಎತ್ತು, ಕತ್ತೆ ಇವುಗಳನ್ನೆಲ್ಲ ಹೆಸರಿಸಿ ಹೇಳಲಾಗಿದೆ. ಕಾರಣವೂ ಇದೆ: ಈಜಿಪ್ಟಿನಲ್ಲಿ ನೀವು ಗುಲಾಮರಾಗಿದ್ದುದನ್ನು ಮರೆಯಬಾರದು.

ಈಜಿಪ್ಟ್ ಎಂದಾಗ ವಿಮೋಚನಾಕಾಂಡದ ಐದನೆಯ ಅಧ್ಯಾಯ ನೆನಪಾಗುತ್ತದೆ. ದೇವರ ಉತ್ಸವಕ್ಕಾಗಿ ಜನರನ್ನು ಕೆಲವು ದಿನ ಬಿಡು ಎಂದು ಮೋಶೆ ಕೇಳಿದಾಗ ಫರೋಹ ಏನು ಮಾಡಿದ? ಈ ಜನ ಸೋಮಾರಿಗಳು, ಅದಕ್ಕೇ ರಜೆ ಕೇಳುತ್ತಿದ್ದಾರೆ ಎಂದ. ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿದ; ಆದರೆ ಇಟ್ಟಿಗೆಯ ಲೆಕ್ಕ ಒಂದೂ ಕಡಿಮೆಯಾಗಬಾರದು ಎಂದು ಆಜ್ಞೆ ಮಾಡಿದ. ನಿದ್ದೆಯಿಲ್ಲ, ಆಟವಿಲ್ಲ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ಆದರೆ ತೊಂಬತ್ತೈದು ಬರಲೇಬೇಕು. ಇದು ಹುಲ್ಲಿಲ್ಲದ ಇಟ್ಟಿಗೆಯಲ್ಲವೇ? ಬೋಧನೆಯಲ್ಲಿ ಈ ಅಧ್ಯಾಯವನ್ನು ಎಷ್ಟೋ ಸಲ ವಿವರಿಸಿದ್ದೇನೆ. ನಮ್ಮ ಮನೆಗಳಲ್ಲೂ ಶಿಬಿರಗಳಲ್ಲೂ ಇಟ್ಟಿಗೆ ಎಣಿಸುವವರು ಯಾರು ಎಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಆದರೆ ತಂದೆತಾಯಂದಿರನ್ನು ಫರೋಹನಿಗೆ ಹೋಲಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಆ ಹುಡುಗಿಯ ತಂದೆ ಆಟೋ ಓಡಿಸುತ್ತಾರೆ, ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವೆಲ್ಲ ಕೂರುತ್ತಾರೆ. ಒಂದು ಸಂಜೆ ಅವರ ಮನೆಗೆ ಹೋದಾಗ ಆ ತಾಯಿ ಹೇಳಿದರು: “ನಾನು ಎಂಟನೇ ಕ್ಲಾಸಿಗೆ ಬಿಟ್ಟೋಳು ಸ್ವಾಮಿ. ಇವಳೂ ಅದೇ ಮಿಷಿನ್ ಮುಂದೆ ಕೂತ್ಕೋಬಾರದು ಅಂತ. ಅಲ್ದೆ ರಜದಲ್ಲಿ ಟ್ಯೂಷನ್‌ಗೆ ಹಾಕ್ದೆ ಮನೇಲಿ ಬಿಟ್ಟು ಹೋದ್ರೆ ಯಾರು ನೋಡ್ಕೋತಾರೆ? ಕಾಲ ಸರಿ ಇಲ್ಲ.” ಇದರಲ್ಲಿ ದುರಾಸೆ ಎಲ್ಲಿದೆ? ಭಯವಿದೆ, ಪ್ರೀತಿಯೂ ಇದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಶಾಲೆ ಮುಚ್ಚಿರುತ್ತದೆ, ಕಾರ್ಖಾನೆ ಮುಚ್ಚಿರುವುದಿಲ್ಲ. ಅಜ್ಜಿ ಮನೆಯೂ ಎಲ್ಲರಿಗೂ ಉಳಿದಿಲ್ಲ. ಅಜ್ಜಿಯೇ ಊರು ಬಿಟ್ಟು ಇಲ್ಲಿ ಮೊಮ್ಮಕ್ಕಳನ್ನು ಕಾಯುತ್ತಿದ್ದಾರೆ.

ಜರ್ಮನಿಯ ಕಥೋಲಿಕ ತತ್ವಜ್ಞಾನಿ ಜೋಸೆಫ್ ಪೀಪರ್ ಬಿಡುವಿನ ಬಗ್ಗೆ ತಮ್ಮ ಪ್ರಸಿದ್ಧ ಕೃತಿಯನ್ನು ಪ್ರಕಟಿಸಿದ್ದು 1948ರಲ್ಲಿ. ಯುದ್ಧದಲ್ಲಿ ನೆಲಸಮವಾದ ದೇಶದಲ್ಲಿ ಜನ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಇಂಥ ಹೊತ್ತಿನಲ್ಲಿ ಬಿಡುವಿನ ಮಾತೇ ಎಂಬ ಆಕ್ಷೇಪಣೆಯನ್ನು ಅವರೇ ಮುಂದಿಟ್ಟುಕೊಂಡು ಬರೆಯುತ್ತಾರೆ. ಕಟ್ಟುತ್ತಿರುವುದು ಮನುಷ್ಯನಿಗೆ ತಕ್ಕ ಬದುಕೇ ಆಗಿದ್ದರೆ ಈಗಲೇ ಈ ಮಾತು ಬೇಕು ಎಂಬುದು ಅವರ ಉತ್ತರದ ಸಾರ. ನಮ್ಮ ಆಟೋ ಚಾಲಕರ, ಗಾರ್ಮೆಂಟ್ಸ್ ಕೆಲಸಗಾರರ ಮನೆಗಳೂ ಈಗ ಕಟ್ಟುತ್ತಿರುವ ಮನೆಗಳೇ. ಕಾರ್ಖಾನೆಗಳಿಗೆ ಎಳೆಯ ಮಕ್ಕಳನ್ನು ದೂಡುತ್ತಿದ್ದ ಕಾಲದಲ್ಲಿ, 1891ರಲ್ಲಿ, ಹದಿಮೂರನೆಯ ಲಿಯೋ ಜಗದ್ಗುರುಗಳು ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು: ದೇಹ ಮನಸ್ಸುಗಳು ಬಲಿಯುವ ಮುನ್ನವೇ ಹೊರಿಸುವ ಹೊರೆ ಮಗುವಿನ ಶಕ್ತಿಯನ್ನು ಮೊಳಕೆಯಲ್ಲೇ ಕೆಡಿಸುತ್ತದೆ ಎಂದು. ಅಂದಿನ ಹೊರೆ ಕಬ್ಬಿಣದ್ದು, ಇಂದಿನದು ಕಾಗದದ್ದು. ಮಗುವಿಗೆ ವಿಶ್ರಾಂತಿ, ಬಿಡುವು, ಆಟ ಇವು ಹಕ್ಕುಗಳು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಸಾರುತ್ತದೆ. ಅದಕ್ಕೆ ನಮ್ಮ ದೇಶ ಸೇರಿದ್ದು 1992ರಲ್ಲಿ. ವ್ಯಾಟಿಕನ್ ಅದಕ್ಕೂ ಮುಂಚೆ, 1990ರಲ್ಲಿ.

ಹಾಗೆಂದು ಮಕ್ಕಳನ್ನು ಸುಮ್ಮನೆ ಬಿಟ್ಟುಬಿಟ್ಟರೆ ವಿಶ್ರಾಂತಿ ತಾನಾಗಿ ಬಂದುಬಿಡುತ್ತದೆಯೇ? ಮಕ್ಕಳ ಮಿತ್ರರೆಂದು ಹೆಸರಾದ ಸಂತ ಜಾನ್ ಬಾಸ್ಕೋ ಅವರೇ ಶಾಲೆಯ ರಜೆಯನ್ನು ಸೈತಾನನ ಸುಗ್ಗಿಯೆಂದು ಭಾವಿಸಿ ಹೆದರುತ್ತಿದ್ದರು. ಆದರೆ ಹೆದರಿದವರು ಏನು ಮಾಡಿದರು? ರಜೆಯನ್ನು ರದ್ದು ಮಾಡಲಿಲ್ಲ. ಶರತ್ಕಾಲದಲ್ಲಿ ಟ್ಯೂರಿನ್ ನಗರದ ಹುಡುಗರನ್ನು ತಮ್ಮ ಹುಟ್ಟೂರಿನ ಬೆಟ್ಟಗುಡ್ಡಗಳಿಗೆ ಕಾಲ್ನಡಿಗೆಯಲ್ಲಿ ಕರೆದೊಯ್ದರು. ಜೊತೆಗೆ ಬ್ಯಾಂಡು, ಹಾಡು, ನಾಟಕ. ತಾವೂ ನಡೆದರು. ಪುಸ್ತಕ ಕಿತ್ತುಕೊಂಡು ಕೈಗೆ ಮೊಬೈಲ್ ಕೊಟ್ಟರೆ ಬಿಡುವು ಕೊಟ್ಟಂತಾಯಿತು ಎಂದು ತಿಳಿದಿರುವ ಮನೆಗಳು ಇದನ್ನು ಗಮನಿಸಬೇಕು. ಮೂರು ಗಂಟೆ ರೀಲ್ಸ್ ನೋಡಿ ಎದ್ದ ಹುಡುಗನ ಮುಖ ನೋಡಿ. ದಣಿವಾರಿದ ಮುಖವೇ ಅದು? ಹಳೆಯ ತಪಸ್ವಿಗಳು ‘ಅಸೀಡಿಯ’ ಎಂದು ಕರೆದ ಜಡತ್ವ ಅದು. ಯಾವುದರಲ್ಲೂ ರುಚಿ ಇಲ್ಲ, ಆದರೂ ಬೆರಳು ನಿಲ್ಲುವುದಿಲ್ಲ. ಆ ಜಡತ್ವ ಸಬ್ಬತ್ತಿನ ವಿಶ್ರಾಂತಿಗೆ ವಿರುದ್ಧವಾದ ಪಾಪ ಎಂದು ಸಂತ ತೋಮಸ್ ಅಕ್ವಿನಾಸರು ವಿವರಿಸುತ್ತಾರೆ. ವಿಶ್ರಾಂತಿ ಎಂದರೆ ಮನಸ್ಸು ಒಳ್ಳೆಯದೊಂದರಲ್ಲಿ ನೆಲೆ ನಿಲ್ಲುವುದು, ಮಂಕಾಗುವುದಲ್ಲ.

ಅಕ್ವಿನಾಸರ ಹೆಸರು ಬಂದದ್ದರಿಂದ ಒಂದು ಸಂಗತಿ ಹೇಳುತ್ತೇನೆ. ಇವರು ಕಥೋಲಿಕ ಶಾಲೆಗಳ ಪಾಲಕ ಸಂತರು. ಪರೀಕ್ಷೆಗೆ ಹೋಗುವ ಮುನ್ನ ಇವರ ಮಧ್ಯಸ್ಥಿಕೆ ಬೇಡುವವರಿದ್ದಾರೆ. ಇವರ ಬೃಹತ್ ದೈವಶಾಸ್ತ್ರ ಸಂಗ್ರಹದಲ್ಲಿ ದುಃಖಕ್ಕೆ ಮದ್ದೇನು ಎಂಬ ಒಂದು ಚಿಕ್ಕ ಭಾಗವಿದೆ. ಗುರುಮಠದಲ್ಲಿ ಅದನ್ನು ಓದುವಾಗ ನಾವು ಮುಸಿಮುಸಿ ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಅವರು ಹೇಳುವ ಮದ್ದು ಐದು: ಸಂತೋಷ ಕೊಡುವ ಯಾವುದಾದರೂ ಕೆಲಸ, ಅಳು, ಗೆಳೆಯರ ಅನುಕಂಪ, ಸತ್ಯದ ಧ್ಯಾನ, ಕೊನೆಗೆ ನಿದ್ದೆ ಮತ್ತು ಸ್ನಾನ! ಹದಿಮೂರನೆಯ ಶತಮಾನದ ಸನ್ಯಾಸಿ, ದೈವಶಾಸ್ತ್ರದ ಗ್ರಂಥದಲ್ಲಿ, ಮೈಗೆ ನೀರು ಹಾಕಿಕೊಂಡು ಮಲಗಿಕೋ ಎನ್ನುತ್ತಾರೆ. ಆತ್ಮವೂ ದೇಹವೂ ಸೇರಿ ಒಬ್ಬ ಮನುಷ್ಯ ಎಂಬ ನಮ್ಮ ವಿಶ್ವಾಸದ ಅರ್ಥವೇ ಅದು.

ಇವುಗಳಲ್ಲಿ ಅಳುವಿನ ಮಾತು ನಮ್ಮ ಮನೆಗಳಿಗೆ ಮುಖ್ಯ. “ಗಂಡುಹುಡುಗ ಆಗಿ ಅಳ್ತೀಯಾ?” ಎನ್ನುವುದು ನಮಗೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ಒಳಗೇ ಮುಚ್ಚಿಟ್ಟ ನೋವು ಹೆಚ್ಚು ಕಾಡುತ್ತದೆ, ಹೊರಗೆ ಬಂದದ್ದು ಹಗುರವಾಗುತ್ತದೆ ಎನ್ನುತ್ತಾರೆ ಅಕ್ವಿನಾಸರು. ಮಗು ಅಳುವಾಗ ಉಪದೇಶ ಮಾಡಬೇಡಿ. ಕಾರಣ ಕೇಳುವ ಅವಸರವೂ ಬೇಡ. ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯಿರಿ, ಬಟ್ಟೆ ಮಡಚಿರಿ; ಮಾತು ತಾನೇ ಬರುತ್ತದೆ. ನನ್ನ ತಾಯಿ ನನ್ನಿಂದ ಹೊರಡಿಸಿದಷ್ಟು ಪಾಪನಿವೇದನೆಯನ್ನು ಯಾವ ಗುರುವೂ ಹೊರಡಿಸಿಲ್ಲ. ಅದೆಲ್ಲ ನಡೆದದ್ದು ಅಕ್ಕಿ ಆರಿಸುವ ಮೊರದ ಮುಂದೆ.

ನಿದ್ದೆ, ಸ್ನಾನಗಳ ಬಗ್ಗೆ ಬರೆಯುವಾಗ ಅಕ್ವಿನಾಸರು ಸಂತ ಅಗಸ್ಟೀನರನ್ನು ನೆನೆಯುತ್ತಾರೆ. 387ರಲ್ಲಿ ತಾಯಿ ಸಂತ ಮೋನಿಕಾ ತೀರಿಕೊಂಡಾಗ ಅಗಸ್ಟೀನರು ಕಣ್ಣೀರನ್ನು ಬಲವಂತವಾಗಿ ತಡೆದುಕೊಂಡರು. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆಂದು ಕೇಳಿ ಸ್ನಾನ ಮಾಡಿದರು. ಏನೂ ಪ್ರಯೋಜನವಾಗಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾರೆ. ಆಮೇಲೆ ಮಲಗಿದರು, ಎದ್ದಾಗ ನೋವು ಸ್ವಲ್ಪ ಮೆತ್ತಗಾಗಿತ್ತು. ಅನಂತರವೇ ಅವರಿಗೆ ಅಳಲು ಸಾಧ್ಯವಾಯಿತು. ಸ್ನಾನ ಫಲಿಸದಿದ್ದರೆ ನಿದ್ದೆ, ನಿದ್ದೆಯ ಬೆನ್ನಿಗೆ ಕಣ್ಣೀರು. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಇಂದಿನ ವೈದ್ಯರು ಹೇಳುತ್ತಾರೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಟ್ಯೂಷನ್ನಿಗೆ ಕಳಿಸುವ ಮನೆಗಳಲ್ಲಿ ಆ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಭಾನುವಾರದ ಎಣ್ಣೆಸ್ನಾನ, ಸೀಗೆಪುಡಿ, ಆಮೇಲೆ ತಿಳಿಸಾರು ಅನ್ನ ಉಂಡು ಚಾಪೆಯ ಮೇಲೆ ಒಂದು ನಿದ್ದೆ. ನಮ್ಮ ಹಿರಿಯರು ಅಕ್ವಿನಾಸರನ್ನು ಓದಿರಲಿಲ್ಲ.

ಸತ್ಯದ ಧ್ಯಾನ ಎಂದರೆ ಮಕ್ಕಳನ್ನು ಕಣ್ಣುಮುಚ್ಚಿ ಕೂರಿಸುವುದು ಎಂದುಕೊಳ್ಳಬೇಕಾಗಿಲ್ಲ. ಇರುವೆಯ ಸಾಲನ್ನು ಅರ್ಧ ಗಂಟೆ ನೋಡುತ್ತ ಕುಳಿತ ಮಗು ಧ್ಯಾನದಲ್ಲಿದೆ. ಅದನ್ನು ಎಬ್ಬಿಸಿ ಗಣಿತಕ್ಕೆ ಕರೆಯಬೇಡಿ.

ಇಲ್ಲಿ ಒಂದು ಸಂಶಯ ಬರಬಹುದು. ತ್ಯಾಗವನ್ನು ಕಲಿಸಬೇಕಾದ ನಾವು ತನ್ನನ್ನು ತಾನು ನೋಡಿಕೊಳ್ಳುವುದನ್ನು ಕಲಿಸಿದರೆ ಮಕ್ಕಳು ಸ್ವಾರ್ಥಿಗಳಾಗುವುದಿಲ್ಲವೇ? ಕಷ್ಟ ಬಂದರೆ ದೇವರಿಗೆ ಒಪ್ಪಿಸಿಬಿಡು ಎಂದು ನಾವೆಲ್ಲ ಹೇಳಿಸಿಕೊಂಡು ಬೆಳೆದವರು, ಅದು ಸುಳ್ಳಲ್ಲ. ಆದರೆ ನೆರೆಯವನನ್ನು ಪ್ರೀತಿಸಲು ಯೇಸುಸ್ವಾಮಿ ಕೊಟ್ಟ ಅಳತೆಗೋಲು ನಮ್ಮನ್ನು ನಾವು ಪ್ರೀತಿಸಿಕೊಳ್ಳುವ ರೀತಿ. ಅಳತೆಗೋಲೇ ಮುರಿದಿದ್ದರೆ ಅಳೆಯುವುದು ಹೇಗೆ? ಎಲೀಯ ಪ್ರವಾದಿಯ ಕತೆ ನೋಡಿ. ಈಜೆಬೆಲ್ ರಾಣಿಗೆ ಹೆದರಿ ಓಡಿ, ಬೆಂಗಾಡಿನಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾವನ್ನು ಬೇಡಿದ. ದೇವರು ಅವನ ವಿಶ್ವಾಸವನ್ನು ಪರೀಕ್ಷಿಸಲಿಲ್ಲ, ಬೈಯಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಮತ್ತೆ ನಿದ್ದೆ. ಎರಡನೆಯ ಸಲವೂ ಅದೇ. ‘ಇಲ್ಲೇನು ಮಾಡುತ್ತಿರುವೆ?’ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನಗಳ ನಂತರ, ಹೋರೇಬ್ ಬೆಟ್ಟದಲ್ಲಿ. ಗವಿಯ ಹಿಂದೆ ಕುಳಿತಿದ್ದ ಹುಡುಗಿಗೆ ನಾನು ಹೇಳಬೇಕಾಗಿದ್ದ ಕತೆ ಇದು. ಆ ಹೊತ್ತಿಗೆ ಹೊಳೆಯಲಿಲ್ಲ.

ಎಲ್ಲ ನೋವೂ ನಿದ್ದೆ ಸ್ನಾನಗಳಿಂದ ಹೋಗುವುದಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ಸರ್ಕಾರದ ಅಪರಾಧ ದಾಖಲೆಗಳ ವರದಿ ಹೇಳುತ್ತದೆ. ಮಕ್ಕಳಿಗೆ ರಜೆ ಎನಿಸುವ ಮೇ ತಿಂಗಳು ಹತ್ತನೆಯ ತರಗತಿಯ, ಪಿ.ಯು.ಸಿ.ಯ ಎಷ್ಟೋ ಮಕ್ಕಳಿಗೆ ಫಲಿತಾಂಶದ ಬಿಸಿ ಆರದ ತಿಂಗಳು ಎಂಬುದನ್ನು ಮರೆಯಬಾರದು. ಮತ್ತೆ ಮತ್ತೆ ಹೊಟ್ಟೆನೋವು, ದೊಡ್ಡವರಾದ ಮೇಲೂ ರಾತ್ರಿ ಹಾಸಿಗೆ ಒದ್ದೆಯಾಗುವುದು, ಊಟ ನಿದ್ದೆ ಬಿಡುವುದು, ಗೆಳೆಯರನ್ನು ದೂರವಿಡುವುದು, ‘ನಾನಿಲ್ಲದಿದ್ದರೆ ನಿಮಗೆ ನಿಶ್ಚಿಂತೆ’ ಎಂಬಂಥ ಮಾತು. ಇವನ್ನು ನಾಟಕವೆಂದು ತಳ್ಳಿಹಾಕಬೇಡಿ. ದೃಷ್ಟಿಯಾಗಿದೆ, ಮಂತ್ರಿಸಿಕೊಡಿ ಎಂದು ಮಕ್ಕಳನ್ನು ನಮ್ಮ ಬಳಿಗೆ ಕರೆತರುವವರಿದ್ದಾರೆ. ಆಶೀರ್ವದಿಸುತ್ತೇನೆ, ಪ್ರಾರ್ಥಿಸುತ್ತೇನೆ, ವೈದ್ಯರ ಬಳಿಗೂ ಕಳುಹಿಸುತ್ತೇನೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಈ ವರ್ಷ ನಮ್ಮ ಶಿಬಿರವನ್ನು ಐದು ದಿನಕ್ಕೆ ಇಳಿಸಿದೆವು. ಪರೀಕ್ಷೆ ಇಲ್ಲ, ಬಹುಮಾನವೂ ಇಲ್ಲ. ಬೆಳಿಗ್ಗೆ ಪಾಠ, ಹಾಡು, ಆಟ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಏನೂ ಇಲ್ಲ. ನಿವೃತ್ತರಾದ ಇಬ್ಬರು ಶಿಕ್ಷಕಿಯರು ಮತ್ತು ಮರಿಯಮ್ಮನ ಸಂಘದ ತಾಯಂದಿರು ಸರದಿಯಂತೆ ಸಂಜೆಯವರೆಗೆ ಮಕ್ಕಳ ಜೊತೆ ಇರಲು ಒಪ್ಪಿದರು. ಶಿಬಿರ ಮುಗಿದ ಮೇಲೂ ಮೇ ತಿಂಗಳಿಡೀ, ದುಡಿಯಲು ಹೋಗುವ ತಾಯಂದಿರ ಮಕ್ಕಳು ಚರ್ಚಿನ ಅಂಗಳದಲ್ಲಿ ಇರಬಹುದು. ಎಲ್ಲರಿಗೂ ಒಪ್ಪಿಗೆಯಾಯಿತೆಂದು ಹೇಳಲಾರೆ. ಪರೀಕ್ಷೆ ಇಲ್ಲದಿದ್ದರೆ ಹತ್ತು ಕಟ್ಟಳೆಗಳನ್ನೂ ಇವರು ಕಲಿಯುವುದಿಲ್ಲ ಸ್ವಾಮಿ ಎಂದು ನಮ್ಮ ಹಿರಿಯ ಉಪದೇಶಿಯವರು ಬೇಸರಪಟ್ಟರು. ಅವರ ಮಾತಿನಲ್ಲಿಯೂ ಹುರುಳಿದೆ. ಈ ಸಲ ಮಕ್ಕಳು ಬಾಯಿಪಾಠ ಮಾಡಿದ್ದು ಕಡಿಮೆಯೇ. ಮೂವರು ಮಕ್ಕಳನ್ನು ಪೇಟೆಯ ಬೇಸಿಗೆ ಕೋಚಿಂಗಿಗೆ ಸೇರಿಸಿದರು. ಆ ಹುಡುಗಿಯ ತಾಯಿ ಮಾತ್ರ ಮಧ್ಯಾಹ್ನದ ಟ್ಯೂಷನ್ ಬಿಡಿಸಿ, ಬೆಳಿಗ್ಗೆಯದನ್ನು ಉಳಿಸಿಕೊಂಡರು. ಅಷ್ಟಾದರೂ ಆಯಿತು.

ಮೂರನೆಯ ದಿನ ಊಟದ ನಂತರ ಮಕ್ಕಳೆಲ್ಲ ಹೊಂಗೆ ಮರದ ಕೆಳಗೆ ಗದ್ದಲ ಹಾಕುತ್ತಿದ್ದಾಗ ಅವಳು ಕಾಣಲಿಲ್ಲ. ನನಗೆ ಗವಿ ನೆನಪಾಯಿತು, ಅಲ್ಲಿ ಇರಲಿಲ್ಲ. ದೇವಾಲಯದ ಒಳಗೆ, ಹಿಂದಿನ ಬೆಂಚಿನ ಮೇಲೆ ದುಪಟ್ಟಾ ತಲೆದಿಂಬು ಮಾಡಿಕೊಂಡು ಮಲಗಿ ನಿದ್ದೆ ಹೋಗಿದ್ದಳು. ದೇವರ ಸನ್ನಿಧಿಯಲ್ಲಿ ಹೀಗೆ ಮಲಗುವುದೇ ಎಂದು ಉಪದೇಶಿಯವರು ಎಬ್ಬಿಸಲು ಹೊರಟರು. ಬೇಡಿ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹೋಗಿ ಫ್ಯಾನಿನ ಸ್ವಿಚ್ ಹಾಕಿದರು.